ಮಗ್ಗಿ ಮಿಸ್ ಬಾಯಿಗೆ ಬೀಗ

ಜೂನ್ ೩, ಸೋಮವಾರ

ಶಾಲೆ ಶುರುವಾಯಿತು. ಹೊಸ ಹೆಡ್‌ಮಿಸ್ ಕೂಡ ಶುರುವಾದರು. ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವರು. ಎಲ್ಲೋ ತರಬೇತಿ ಮುಗಿಸಿ ನೇರ ಇಲ್ಲಿಗೆ ಬಂದಿದ್ದಾರೆ, ಆ ಬಿಸಿ ಇನ್ನೂ ಆರಿಲ್ಲ. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಒಂದು ಸುತ್ತೋಲೆ ಹಂಚಿದರು. ಏಳನೇ ತರಗತಿಯ 'ಬಿ' ವಿಭಾಗದಲ್ಲಿ ಈ ಅವಧಿ ಪೂರ್ತಿ ಸೂತ್ರಗಳ ಬಾಯಿಪಾಠ ಇಲ್ಲವಂತೆ. ಮಕ್ಕಳೇ ಗಣಿತವನ್ನು ಕಂಡುಹಿಡಿಯುತ್ತಾರಂತೆ. ಕೊನೆಯ ಸಾಲಿಗೆ ಕೆಳಗೆರೆ ಬೇರೆ: ಶಿಕ್ಷಕರು ಯಾವ ಕಾರಣಕ್ಕೂ ಉತ್ತರ ಹೇಳತಕ್ಕದ್ದಲ್ಲ. 'ಎ' ವಿಭಾಗ ಹಳೆಯ ದಾರಿಯಲ್ಲೇ ನಡೆಯುತ್ತದೆ. 'ಬಿ' ಯಾರದು? ನನ್ನದು.

ಇಪ್ಪತ್ತಾರು ವರ್ಷ ಈ ಕಟ್ಟಡದಲ್ಲಿ ಗಣಿತ ಹೇಳಿದ್ದೇನೆ. ಬೆನ್ನ ಹಿಂದೆ ಮಕ್ಕಳು ನನ್ನನ್ನು ಮಗ್ಗಿ ಮಿಸ್ ಅನ್ನುತ್ತಾರೆ. ದಿನಾ ಮೊದಲ ಪೀರಿಯಡ್ಡಿನಲ್ಲಿ ಮಗ್ಗಿ ಹೇಳಿಸುವ ಪದ್ಧತಿ ತಂದವಳೇ ನಾನು. ನಿದ್ದೆಯಲ್ಲಿ ಎಬ್ಬಿಸಿ ಹದಿನೇಳರ ಮಗ್ಗಿ ಕೇಳಿದರೂ ನನ್ನ ಮಕ್ಕಳು ಹೇಳುತ್ತಾರೆ. ಇದುವರೆಗೆ ಯಾರೂ ಅವರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿಲ್ಲ, ಅದು ಬೇರೆ ಮಾತು.

ಗಣಿತ ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಾಗಿದೆ. ಬೇರೆ ಕೋಣೆ, ಬೇರೆ ಕುರ್ಚಿ, ಬಾಗಿಲ ಮೇಲೆ ಹೆಸರು. ಹನ್ನೆರಡು ವರ್ಷದಿಂದ ಕಾದಿದ್ದೇನೆ. ಸೆಪ್ಟೆಂಬರಿನಲ್ಲಿ 'ಎ' ಮತ್ತು 'ಬಿ' ವಿಭಾಗದ ಅಂಕ ಪಕ್ಕಪಕ್ಕ ಇಟ್ಟು ಆಡಳಿತ ಸಮಿತಿ ತೀರ್ಮಾನ ಮಾಡುತ್ತದೆ. ಹಳೆಯ ದಾರಿ ಗೆದ್ದರೆ ಸೀನಿಯರ್ ಆದ ನನಗೇ ಆ ಜಾಗ. ಹೊಸದು ಗೆದ್ದರೆ ಮಗ್ಗಿ ಪೀರಿಯಡ್ ರದ್ದು, ಮುಖ್ಯಸ್ಥರೂ ಹೊರಗಿನಿಂದ ಬರುತ್ತಾರೆ. ಅಂದರೆ ನಾನು ಚೆನ್ನಾಗಿ ಕಲಿಸಿದಷ್ಟೂ ನನ್ನ ಕುರ್ಚಿ ದೂರ ಹೋಗುತ್ತದೆ. ಇಂಥ ವ್ಯವಸ್ಥೆ ಮಾಡಲು ತರಬೇತಿ ಬೇಕೇ ಬೇಕು.

ಜೂನ್ ೫, ಬುಧವಾರ

ಯೋಚಿಸಿ ಮುಗಿಯಿತು. ಜಗಳ ಆಡುವುದಿಲ್ಲ. ಸುತ್ತೋಲೆಯನ್ನು ಅಕ್ಷರಕ್ಕೆ ಅಕ್ಷರ ಪಾಲಿಸುತ್ತೇನೆ.

ಬೇರೆ ಯಾರಾದರೂ ಆಗಿದ್ದರೆ ಕಣ್ಣು ಮಿಟುಕಿಸಿ, ಬೆರಳು ತೋರಿಸಿ, ಉತ್ತರದ ಮೊದಲಕ್ಷರ ಉಸುರಿ, ಉಳಿದದ್ದನ್ನು ಮಕ್ಕಳ ಬಾಯಲ್ಲಿ ಹೇಳಿಸಿ, ಕಂಡುಹಿಡಿದರು ಎಂದು ಚಪ್ಪಾಳೆ ಹೊಡೆಸುತ್ತಿದ್ದರು. ನಾನು ಹಾಗೆ ಮಾಡುವುದಿಲ್ಲ. ಸುಳಿವೂ ಇಲ್ಲ, ಹುಬ್ಬೂ ಇಲ್ಲ. ಕಲ್ಲಿನ ಹಾಗೆ ಕೂರುತ್ತೇನೆ. ಸೆಪ್ಟೆಂಬರ್ ಹೊತ್ತಿಗೆ ಈ ಪದ್ಧತಿ ತಾನೇ ತಾನಾಗಿ ಮಗುಚಿಕೊಳ್ಳುತ್ತದೆ. ನನ್ನ ಕಡೆ ಯಾರೂ ಬೊಟ್ಟು ಮಾಡುವಂತಿಲ್ಲ.

ಇವರಿಗೆ ಹೇಳಿದೆ. ಇವರು ಪೇಪರಿನ ಪದಬಂಧದಿಂದ ತಲೆ ಎತ್ತಿ, "ಬಾಯಿ ಮುಚ್ಕೊಂಡಿರೋದು ನಿನ್ನ ಕೈಲಾಗುತ್ತಾ?" ಅಂದರು. ಆಗದೆ ಏನು? ಅಂದಹಾಗೆ ಅವರು ಕೂತಲ್ಲೇ ತಡಕಾಡುತ್ತಿದ್ದ ಪದ 'ಚಪಲ'. ಹೇಳಿ ಒಳಗೆ ಹೋದೆ. ಪೆನ್ನು ಮುಚ್ಚಿಟ್ಟರು. ಔಷಧಿ ಅಂಗಡಿ ನಡೆಸುವವರಿಗೆ ಬೆಳಿಗ್ಗೆ ಬೆಳಿಗ್ಗೆ ಇಷ್ಟು ಕೋಪ ಇರಬಾರದು.

ಜೂನ್ ೧೧, ಮಂಗಳವಾರ

ನಾಲ್ಕು ಕಡ್ಡಿ ಜೋಡಿಸಿ ಒಂದು ಆಯತ ಮಾಡಿ. ಅದನ್ನು ಪಕ್ಕಕ್ಕೆ ತಳ್ಳಿ ವಾಲಿಸಿ. ಒಳಗಿನ ವಿಸ್ತೀರ್ಣ ಬದಲಾಗುತ್ತದೆಯೇ? ಇದು ಹೆಡ್‌ಮಿಸ್ ಕೊಟ್ಟ ಪ್ರಶ್ನೆ. ಬೋರ್ಡಿನ ಮೇಲೆ ಬರೆದು ಕೂತೆ.

ಸಂತೆ ಶುರುವಾಯಿತು. ಕೊನೆಗೆ ತರಗತಿಯ ಲೀಡರ್ ಎದ್ದು ಎಲ್ಲರ ಕೈ ಎತ್ತಿಸಿದ. ಕಡ್ಡಿ ಅವೇ, ಉದ್ದ ಅಷ್ಟೇ, ಹಾಗಾಗಿ ವಿಸ್ತೀರ್ಣವೂ ಅಷ್ಟೇ ಎಂದು ಬಹುಮತದಿಂದ ತೀರ್ಮಾನವಾಯಿತು. ನೂರಕ್ಕೆ ನೂರು ತಪ್ಪು. ಚುನಾವಣೆಯಲ್ಲಿ ಗೆದ್ದ ತಪ್ಪು.

ಮೊದಲ ಬೆಂಚಿನ ರ‍್ಯಾಂಕ್ ಮಾತ್ರ ಕೈ ಎತ್ತಲಿಲ್ಲ. ಅವಳು ಪ್ರತಿ ವರ್ಷ ಮೊದಲು ಬರುವ ಹುಡುಗಿ, ಸಮಿತಿಯ ಅಧ್ಯಕ್ಷರಾದ ಹಲ್ಲಿನ ಡಾಕ್ಟರ ಮಗಳು. ಪೆನ್ಸಿಲ್ ಚೂಪು ಮಾಡಿಕೊಂಡು, "ಮಿಸ್, ಸರಿ ಉತ್ತರ ಯಾವುದು ಹೇಳಿ, ಬರ್ಕೋತೀನಿ," ಅಂದಳು.

"ನೀನೇ ನೋಡು."

"ಎಲ್ಲಿ ನೋಡ್ಲಿ ಮಿಸ್? ಗೈಡ್ ತಂದಿಲ್ಲ."

ಬೆಲ್ ಹೊಡೆಯಿತು. ನಲವತ್ತು ಮಕ್ಕಳು ತಪ್ಪನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಹೋದರು. ನನಗೆ ಪರಮಾನಂದ ಆಗಬೇಕಿತ್ತು. ಆಯಿತು ಅಂತಲೇ ಇಟ್ಟುಕೊಳ್ಳೋಣ.

ಜೂನ್ ೧೨, ಬುಧವಾರ

ಇವತ್ತೂ ಅದೇ ತಪ್ಪು. ನಾಲಿಗೆ ತುರಿಸಿ ತುರಿಸಿ ಹಲ್ಲು ಕಚ್ಚಿಕೊಂಡಿದ್ದೆ. ತಲೆನೋವು. ಬಿಸಿಲಿಗೆ ಇರಬೇಕು.

ಜೂನ್ ೧೩, ಗುರುವಾರ

ಕೊನೆಯ ಬೆಂಚಿನಲ್ಲಿ ಒಬ್ಬಳಿದ್ದಾಳೆ, ಸದಾ ಹೊರಗೆ ನೋಡುವವಳು. ಅವಳಿಗೆ ಕಿಟಕಿ ಎಂದೇ ಹೆಸರು. ಕಳೆದ ವರ್ಷ ಪೂರ್ತಿ ನನ್ನ ಪೀರಿಯಡ್ಡಿನಲ್ಲಿ ಅವಳು ಆಡಿದ ಒಂದೇ ಮಾತು 'ಪ್ರೆಸೆಂಟ್ ಮಿಸ್'. ಇವತ್ತು ಎದ್ದು ನಿಂತಳು. ಕೈಯಲ್ಲಿ ಬೆಂಕಿಪೊಟ್ಟಣದ ಹೊರಗಿನ ಖೋಲು, ಒಳಗಿನ ಡಬ್ಬಿ ತೆಗೆದದ್ದು.

"ಮಿಸ್, ಇದನ್ನ ಸ್ವಲ್ಪ ತಳ್ಳಿದ್ರೆ ವಾಲುತ್ತೆ. ಇನ್ನೂ ತಳ್ಳಿದ್ರೆ ಪೂರ್ತಿ ಚಪ್ಪಟೆ ಆಗುತ್ತೆ. ಬದಿಗಳೆಲ್ಲ ಅಷ್ಟೇ ಇವೆ. ಒಳಗಿದ್ದ ಜಾಗ ಎಲ್ಲಿ ಹೋಯ್ತು?"

ಲೀಡರ್ ಖೋಲು ಕಿತ್ತುಕೊಂಡು ತಾನೇ ಒತ್ತಿ ನೋಡಿದ. ಮತ್ತೊಬ್ಬ, ಮತ್ತೊಬ್ಬಳು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ವಾಲಿದಷ್ಟೂ ಎತ್ತರ ಕಡಿಮೆಯಾಗುತ್ತೆ, ಎತ್ತರ ಹೋದರೆ ಜಾಗ ಹೋಗುತ್ತೆ, ಓರೆ ಬದಿ ಲೆಕ್ಕಕ್ಕೆ ಬರೋದೇ ಇಲ್ಲ. ಮೊನ್ನೆಯ ಬಹುಮತ ಬಿದ್ದುಹೋಯಿತು. ಪಾದ ಗುಣಿಸು ಎತ್ತರ ಎಂದು ಬೋರ್ಡಿನ ಮೇಲೆ ಅವರೇ ಬರೆದರು, ಕಾಗುಣಿತ ತಪ್ಪಾಗಿ.

ಒಂದು ಸಾಲಿನ ಸೂತ್ರಕ್ಕೆ ಮೂರು ಪೀರಿಯಡ್. ನಾನಾಗಿದ್ದರೆ ಒಂದೇ ನಿಮಿಷದಲ್ಲಿ ಮುಗಿಸಿ ಐವತ್ತು ಸಲ ಹೇಳಿಸುತ್ತಿದ್ದೆ. ದಂಡ. ಮನೆಗೆ ಬರುವಾಗ ಒಂದು ಬೆಂಕಿಪೊಟ್ಟಣ ಕೊಂಡೆ, ಅಡುಗೆಮನೆಯಲ್ಲಿ ಮುಗಿದಿತ್ತು.

ಜೂನ್ ೨೧, ಶುಕ್ರವಾರ

ಹಲ್ಲಿನ ಡಾಕ್ಟರು ಬಂದಿದ್ದರು. ಎದುರಿಗೆ ಕೂತವರ ಹಲ್ಲನ್ನೇ ನೋಡುತ್ತಾ ಮಾತಾಡುವ ಅಭ್ಯಾಸ ಅವರಿಗೆ. ನಾನು ಆದಷ್ಟು ತುಟಿ ಮುಚ್ಚಿಕೊಂಡೇ ಉತ್ತರ ಕೊಟ್ಟೆ.

"ಮಿಸ್, ನೀವು ತರಗತೀಲಿ ಏನೂ ಹೇಳಲ್ವಂತೆ?"

"ಹೌದು ಡಾಕ್ಟ್ರೇ."

"ಮತ್ತೆ ಏನ್ ಮಾಡ್ತೀರಿ?"

"ಕೂತಿರ್ತೀನಿ."

"ನನ್ನ ಮಗಳು ಮನೇಲಿ ಅಳ್ತಾಳೆ. ಬಾಯಿಪಾಠ ಮಾಡೋಕೆ ಏನೂ ಕೊಟ್ಟಿಲ್ಲ ಅಂತಾಳೆ. ಅವಳ ರ‍್ಯಾಂಕ್ ಹೋದ್ರೆ ಯಾರು ಹೊಣೆ?"

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ವಿನಯದಿಂದ ಹೆಡ್‌ಮಿಸ್ ಕೋಣೆ ತೋರಿಸಿದೆ. ಗೋಡೆಯಾಚೆಯಿಂದ ಅರ್ಧ ಗಂಟೆ ಅವರ ಧ್ವನಿ ಕೇಳುತ್ತಿತ್ತು. ಹೊರಗೆ ಬಂದವರು ನನ್ನ ಹತ್ತಿರ, "ಸೆಪ್ಟೆಂಬರ್‌ನಲ್ಲಿ ನೀವೇ ಒಂದು ಮಾತು ಹೇಳಿಬಿಡಿ ಮಿಸ್, ಸಮಿತಿ ನಿಮ್ಮ ಜೊತೆಗಿದೆ," ಅಂದರು. ಅಷ್ಟು ಸಾಕು ನನಗೆ. ಒಂದು ಮಾತು.

ರ‍್ಯಾಂಕ್ ಅಳುತ್ತಾಳೆ ಎಂಬುದು ಮಾತ್ರ ಯಾಕೋ ತಲೆಯಿಂದ ಹೋಗಲಿಲ್ಲ.

ಜುಲೈ ೪, ಗುರುವಾರ

ಜ್ವರ. ರಜೆ. 'ಬಿ'ಗೆ ಯಾರು ಹೋಗುತ್ತಾರೋ.

ಜುಲೈ ೮, ಸೋಮವಾರ

ನಾನಿಲ್ಲದಾಗ 'ಬಿ'ಗೆ ಸೂತ್ರದ ಮೇಷ್ಟ್ರು ಹೋಗಿದ್ದರು. 'ಎ' ವಿಭಾಗ ಅವರದು, ನನ್ನ ನಂತರದ ಸೀನಿಯರ್. ಎಲ್ಲ ಸೂತ್ರಕ್ಕೂ ರಾಗ ಹಾಕಿ ಹಾಡಿಸುತ್ತಾರೆ. ಗಂಟಲೂ ಚೆನ್ನಾಗಿದೆ.

ಹೋದ ವಾರ ನನ್ನ ತರಗತಿ ತ್ರಿಭುಜದ ಬೆನ್ನು ಹತ್ತಿತ್ತು. ಕಾಗದದಲ್ಲಿ ಕತ್ತರಿಸುತ್ತಾ, ಜೋಡಿಸುತ್ತಾ, ಇನ್ನೇನು ಕೈಗೆ ಸಿಗಬೇಕು ಅನ್ನುವಷ್ಟರಲ್ಲಿ ನನಗೆ ಜ್ವರ. ಇವತ್ತು ಒಳಗೆ ಹೋದರೆ ಎಲ್ಲರ ಮುಖ ಬಾಡಿದೆ.

"ಏನಾಯ್ತು?"

"ಸರ್ ಹೇಳ್ಬಿಟ್ರು ಮಿಸ್," ಅಂದಳು ಕಿಟಕಿ.

"ಏನು ಹೇಳಿದ್ರು?"

"ಅರ್ಧ ಪಾದ ಗುಣಿಸು ಎತ್ತರ. ಹಾಡೂ ಹೇಳಿಸಿದ್ರು."

ಮೈಯೆಲ್ಲ ಉರಿದುಹೋಯಿತು. ನೇರ ಸ್ಟಾಫ್ ರೂಮಿಗೆ ಹೋಗಿ, ನನ್ನ ಮಕ್ಕಳಿಗೆ ಉತ್ತರ ಹೇಳಲು ನಿಮಗೆ ಯಾರು ಅಧಿಕಾರ ಕೊಟ್ಟರು ಎಂದು ಕೇಳಿದೆ. ಮೇಷ್ಟ್ರು ಕೈಲಿದ್ದ ಟೀ ಕೆಳಗಿಟ್ಟರು. "ಮೇಡಂ, ಉಪಕಾರ ಮಾಡಿದೆ. ಇಪ್ಪತ್ತಾರು ವರ್ಷ ನೀವು ಮಾಡಿದ್ದೂ ಅದೇ ಅಲ್ವಾ?" ಎಂದು ಹಲ್ಲು ಬಿಟ್ಟರು.

ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ, ಮುಂದೆ ನನಗೇ ಗೊಂದಲ ಆಗಬಾರದು. ಪದ್ಧತಿ ಸೋಲಬೇಕಾದರೆ ಶುದ್ಧವಾಗಿ ಸೋಲಬೇಕು. ಯಾರೋ ನಡುವೆ ಕೈಹಾಕಿ ಉತ್ತರ ಹೇಳಿದರೆ ನನ್ನ ಸಾಕ್ಷಿ ಕೆಡುತ್ತದೆ. ಕೋಪ ಬಂದದ್ದು ಅದಕ್ಕೆ. ಬೇರೇನೂ ಇಲ್ಲ.

ಮಧ್ಯಾಹ್ನ ತರಗತಿಗೆ ಹೋಗಿ, "ಅರ್ಧ ಅಂದ್ರಲ್ಲ, ಯಾವುದರ ಅರ್ಧ?" ಎಂದು ಕೇಳಿದೆ. ಹಾಡಿನಲ್ಲಿ ಅದು ಇರಲಿಲ್ಲ. ಕತ್ತರಿಗಳು ಮತ್ತೆ ಹೊರಬಂದವು. ಉತ್ತರ ಹೇಳಬಾರದು ಎಂದಿದೆ ಸುತ್ತೋಲೆಯಲ್ಲಿ, ಪ್ರಶ್ನೆ ಕೇಳಬಾರದು ಎಂದಿಲ್ಲ.

ಜುಲೈ ೨೧, ಭಾನುವಾರ

ಮುಂದಿನ ಪಾಠ ತ್ರಾಪಿಜ್ಯ. ಮೇಲೊಂದು ಕೆಳಗೊಂದು ಸಮಾಂತರ ಬದಿ, ಒಂದು ಉದ್ದ, ಒಂದು ಗಿಡ್ಡ. ಎರಡನ್ನೂ ಕೂಡಿಸು, ಎತ್ತರದಿಂದ ಗುಣಿಸು, ಅರ್ಧ ಮಾಡು. ನನ್ನನ್ನೇ ನಿದ್ದೆಯಲ್ಲಿ ಎಬ್ಬಿಸಿ ಕೇಳಬಹುದು. ಆದರೆ ಆ ಅರ್ಧ ಎಲ್ಲಿಂದ ಬರುತ್ತದೆ ಎಂದು ಕಿಟಕಿ ಕೇಳಿದರೆ? ನಾನು ಹೇಳುವುದಿಲ್ಲ, ಸರಿ. ಆದರೆ ಹೇಳದೆ ಇರಬೇಕಾದರೂ ಮೊದಲು ಗೊತ್ತಿರಬೇಕಲ್ಲ. ಗೊತ್ತಿಲ್ಲದ್ದನ್ನು ಹೇಳದೆ ಇರುವುದರಲ್ಲಿ ಏನು ಹೆಚ್ಚುಗಾರಿಕೆ?

ಊಟ ಆದ ಮೇಲೆ ಪೇಪರಿನಲ್ಲಿ ಒಂದು ತ್ರಾಪಿಜ್ಯ ಕತ್ತರಿಸಿದೆ. ತಿರುಗಿಸಿದೆ, ಮಡಿಸಿದೆ. ಏನೂ ಇಲ್ಲ. ಸಿಟ್ಟು ಬಂದು ಪಕ್ಕಕ್ಕೆ ತಳ್ಳಿ, ಅದೇ ಅಳತೆಯ ಇನ್ನೊಂದನ್ನು ಕತ್ತರಿಸಿದೆ. ಅದು ಜಾರಿ ತಲೆಕೆಳಗಾಗಿ ಮೊದಲನೆಯದರ ಪಕ್ಕ ಬಿತ್ತು. ಓರೆಗೆ ಓರೆ ಕೂತಿತು. ಎರಡೂ ಸೇರಿ ನಮ್ಮ ವಾಲಿದ ಆಯತ. ಅಲ್ಲೇ ಇತ್ತು, ಇಷ್ಟು ವರ್ಷವೂ. ಎರಡರದ್ದು ಅದಾದರೆ ಒಂದರದ್ದು ಅರ್ಧ.

ನೆಲದ ಮೇಲೆ ಕೂತು ಒಬ್ಬಳೇ ನಕ್ಕೆ. ಸುತ್ತ ಕಾಗದದ ಚೂರು. ಇವರು ಬಂದು, "ನನ್ನ ಪದಬಂಧ ಎಲ್ಲಿ?" ಅಂದರು. ಎರಡನೇ ತ್ರಾಪಿಜ್ಯದಲ್ಲಿತ್ತು. ಇಷ್ಟು ಸಂತೋಷಕ್ಕೆ ಅದೇನು ಮಹಾ ಬೆಲೆ ಎಂದು ಅವರಿಗೆ ಅನಿಸಲಿಲ್ಲ.

ಆಗಸ್ಟ್ ೧, ಗುರುವಾರ

ರ‍್ಯಾಂಕ್ ಟ್ಯೂಷನ್ನಿನಿಂದ ತ್ರಾಪಿಜ್ಯದ ಸೂತ್ರ ತಂದು ಬೋರ್ಡಿನ ಮೇಲೆ ಬರೆದಳು. ಕಿಟಕಿ, "ಅರ್ಧ ಯಾಕೆ?" ಅಂದಳು. ರ‍್ಯಾಂಕ್ ನನ್ನ ಮುಖ ನೋಡಿದಳು. ನಾನು ಕಲ್ಲು. ಅವಳ ಕಣ್ಣು ತುಂಬಿತು. ಎಲ್ಲರೆದುರು ಗೊತ್ತಿಲ್ಲ ಎಂದು ನಿಲ್ಲುವುದು ಅವಳಿಗೆ ಜೀವನದಲ್ಲಿ ಮೊದಲ ಸಲ. ಹೇಳಿಬಿಡೋಣ ಅನಿಸಿತು. ನನಗೂ ಈಗ ಗೊತ್ತಲ್ಲ, ಬಾಯಿ ತುದಿಯಲ್ಲೇ ಇತ್ತು. ಸೀಮೆಸುಣ್ಣದ ತುಂಡನ್ನು ಮುಷ್ಟಿಯಲ್ಲಿ ಪುಡಿ ಮಾಡಿಕೊಂಡು ಸುಮ್ಮನಿದ್ದೆ.

ಅವಳು ಮೂಗು ಒರೆಸಿಕೊಂಡು ಕೂತು ಗೆರೆ ಎಳೆಯತೊಡಗಿದಳು. ಬೆಲ್ ಹೊಡೆದರೂ ಏಳಲಿಲ್ಲ. ಆಮೇಲೆ ಕಾಗದ ಹಿಡಿದು ಬಂದಳು. ಎರಡು ಅಲ್ಲ, ಒಂದೇ ತ್ರಾಪಿಜ್ಯ. ಮೂಲೆಯಿಂದ ಮೂಲೆಗೆ ಒಂದು ಗೆರೆ.

"ಮಿಸ್, ಇದು ಎರಡು ತ್ರಿಭುಜ. ಒಂದಕ್ಕೆ ಉದ್ದ ಬದಿ ಪಾದ, ಇನ್ನೊಂದಕ್ಕೆ ಗಿಡ್ಡ ಬದಿ. ಎತ್ತರ ಎರಡಕ್ಕೂ ಒಂದೇ. ಅರ್ಧ ಅದರಲ್ಲೇ ಇದೆ. ಸರಿನಾ?"

ಇದು ನನಗೆ ಹೊಳೆದಿರಲೇ ಇಲ್ಲ. "ನಿನಗೇನು ಅನಿಸುತ್ತೆ?" ಅಂದೆ, ಧ್ವನಿ ಗಟ್ಟಿ ಮಾಡಿಕೊಂಡು.

"ಸರಿ ಅನಿಸುತ್ತೆ," ಅಂದಳು. ಸ್ವಲ್ಪ ಹೊತ್ತು ಕಾಗದ ನೋಡಿ, "ಸರಿ ಇದೆ," ಅಂದಳು. ಬರೆದುಕೊಳ್ಳಲು ಪೆನ್ಸಿಲ್ ತೆಗೆಯಲಿಲ್ಲ.

ಪದ್ಧತಿ ಎಷ್ಟು ನಿಧಾನ ಎನ್ನುವುದಕ್ಕೆ ಇದೂ ಒಂದು ಸಾಕ್ಷಿ.

ಆಗಸ್ಟ್ ೧೧, ಭಾನುವಾರ

ಇವರು ಪದಬಂಧ ಮುಗಿಸಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮೈ ಹುಷಾರಿಲ್ವಾ ನಿಂಗೆ?"

"ಯಾಕೆ?"

"ಮೂರು ವಾರ ಆಯ್ತು, ಒಂದೂ ಪದ ಹೇಳ್ಲಿಲ್ಲ. ಹಿಂದೇನೇ ನಿಂತಿರ್ತೀಯ, ಹೇಳಲ್ಲ."

ಗಮನಿಸಿರಲಿಲ್ಲ. ಕೆಲಸ ಜಾಸ್ತಿ, ಅದಕ್ಕೆ.

ಆಗಸ್ಟ್ ೩೦, ಶುಕ್ರವಾರ

ಪರೀಕ್ಷೆಯ ಫಲಿತಾಂಶ ಬಂತು. ನನ್ನ ಲೆಕ್ಕಾಚಾರ ಸರಿಯಾಯಿತು. ಸರಾಸರಿಯಲ್ಲಿ 'ಬಿ' ಐದು ಅಂಕ ಹಿಂದೆ. ನನ್ನ ಮಕ್ಕಳು ಮೊದಲ ಪ್ರಶ್ನೆಗಳಿಗೇ ಚಿತ್ರ ಬರೆದು, ಕಾರಣ ಬರೆದು, ಒಂದಕ್ಕೆ ಎರಡು ದಾರಿ ತೋರಿಸಿ, ಕೊನೆಯ ಪುಟ ಮುಟ್ಟುವಷ್ಟರಲ್ಲಿ ಹೊತ್ತು ಮುಗಿದಿತ್ತು. ಕಾರಣಕ್ಕೆ ಅಂಕ ಇಲ್ಲ. 'ಎ' ವಿಭಾಗದವರು ಉತ್ತರಗಳನ್ನು ಸಾಲಾಗಿ ಬರೆದಿಟ್ಟು ಹತ್ತು ನಿಮಿಷ ಮೊದಲೇ ಎದ್ದರು.

ಗೆದ್ದೆ. ಮೂರು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದಕ್ಕೆ ಫಲ ಸಿಕ್ಕಿತು. ಉತ್ತರಪತ್ರಿಕೆಗಳನ್ನು ಮನೆಗೆ ತಂದು ಆ ಚಿತ್ರಗಳನ್ನೆಲ್ಲ ಮತ್ತೆ ನೋಡುತ್ತಾ ಕೂತೆ. ಊಟ ಸೇರಲಿಲ್ಲ.

ಸೆಪ್ಟೆಂಬರ್ ೬, ಶುಕ್ರವಾರ

ಸಮಿತಿಯ ಸಭೆ. ಉದ್ದನೆಯ ಮೇಜು. ಒಂದು ತುದಿಯಲ್ಲಿ ಅಧ್ಯಕ್ಷರು, ಹಲ್ಲಿನ ಡಾಕ್ಟರು. ಟೀ ಕುಡಿಯಲು ಇಬ್ಬರು ಸದಸ್ಯರು. ಮೂಲೆಯಲ್ಲಿ ಹೆಡ್‌ಮಿಸ್, ಮುಖ ಸಣ್ಣದು ಮಾಡಿಕೊಂಡು. ಎದುರಿಗೆ ಸೂತ್ರದ ಮೇಷ್ಟ್ರು, ಇಸ್ತ್ರಿ ಮಾಡಿದ ಅಂಗಿಯಲ್ಲಿ.

ಡಾಕ್ಟರು ಅಂಕಪಟ್ಟಿ ಓದಿ ಪಕ್ಕಕ್ಕಿಟ್ಟರು. "ಮಿಸ್, ನೀವು ಸೀನಿಯರ್. ಈ ಪದ್ಧತಿ ಸೋತಿದೆ ತಾನೆ? ಹೌದು ಅಂದ್ಬಿಡಿ, ಬರ್ಕೊಂಡು ಮುಗಿಸೋಣ. ಮುಖ್ಯಸ್ಥರ ಆರ್ಡರ್ ನಿಮ್ಮ ಹೆಸರಿಗೇ ರೆಡಿ ಇದೆ."

ಎರಡಕ್ಷರ. ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು. "ಮನೇಲಿ ಬೇರೆ ಇದೇ ರಗಳೆ ಆಗಿದೆ. ತ್ರಾಪಿಜ್ಯದ ಸೂತ್ರ ನನಗಿನ್ನೂ ನೆನಪಿದೆ, ಹೇಳ್ದೆ. ಮಗಳು, ಅರ್ಧ ಎಲ್ಲಿಂದ ಬಂತು ಅಪ್ಪ ಅಂತಾಳೆ. ನನಗೆ ಗೊತ್ತಾಗ್ಲಿಲ್ಲ. ಹೇಳು ಅಂದ್ರೆ ಹೇಳಲ್ಲ. ಹೆತ್ತ ಅಪ್ಪನಿಗೇ ಹೇಳಲ್ಲ ಅಂದ್ರೆ ಏನರ್ಥ?"

ನಾನು ಹೌದು ಅನ್ನಬೇಕಿತ್ತು. ಕಾರ್ಯಸೂಚಿಯ ಹಾಳೆ ತಿರುಗಿಸಿ ಅವರ ಮುಂದೆ ಇಟ್ಟೆ. ಗುಮಾಸ್ತರ ಮೇಜಿನಿಂದ ಕತ್ತರಿ ತಂದು ಅದರ ಪಕ್ಕ ಇಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ಈಗಲೂ ಗೊತ್ತಿಲ್ಲ, ಕೈ ರೂಢಿ ಇರಬೇಕು.

ಡಾಕ್ಟರು ಒಂದು ತ್ರಾಪಿಜ್ಯ ಕತ್ತರಿಸಿದರು. ಕೈ ಚೆನ್ನಾಗಿದೆ, ಅಂಚು ನೇರ ಬಂತು. ತಿರುಗಿಸಿದರು, ಮಡಿಸಿದರು, ಬೆಳಕಿಗೆ ಹಿಡಿದರು. ಸದಸ್ಯರ ಟೀ ಆರಿತು. ಇನ್ನೊಂದು ಹಾಳೆ ನನ್ನ ಅಂಗೈ ಕೆಳಗೇ ಇತ್ತು. ಒಂದು ಗೇಣು ಆಚೆ ಸರಿಸಿದರೆ ಸಾಕಿತ್ತು. ಕೈಯನ್ನು ಮೇಜಿನಿಂದ ತೆಗೆದು ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

ಸೂತ್ರದ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಸಾರ್, ಅದು ಬಹಳ ಸುಲಭ..."

"ಬಾಯಿ ಮುಚ್ಚಿ ಮೇಷ್ಟ್ರೇ," ಅಂದರು ಡಾಕ್ಟರು, ಕಾಗದದಿಂದ ಕಣ್ಣು ತೆಗೆಯದೆ. ಬಾಯಿ ತೆರೀರಿ ಎಂದು ಹೇಳಿಯೇ ಮನೆ ಕಟ್ಟಿಸಿದ ಮನುಷ್ಯ.

ಎಷ್ಟೋ ಹೊತ್ತಾದ ಮೇಲೆ ತಲೆ ಎತ್ತಿದರು. "ಇನ್ನೊಂದು ಹಾಳೆ ಇದೆಯಾ ಮಿಸ್?"

ಕೊಟ್ಟೆ. ಅವರು ಮೊದಲನೆಯದನ್ನೇ ಮೇಲಿಟ್ಟು ಅಳತೆಗೆ ಕತ್ತರಿಸಿ, ತಲೆಕೆಳಗು ಮಾಡಿ, ಪಕ್ಕಕ್ಕೆ ಜೋಡಿಸಿದರು. "ಅದಕ್ಕೇ ಅರ್ಧ," ಅಂದರು ಮೆಲ್ಲಗೆ, ತಮಗೇ ಹೇಳಿಕೊಳ್ಳುವಂತೆ. ಹೆಡ್‌ಮಿಸ್ ಕಣ್ಣು ಒರೆಸಿಕೊಳ್ಳುತ್ತಿದ್ದರು. ತರಬೇತಿ ಪಡೆದವರಿಗೆ ಕಣ್ಣೀರು ಬೇಗ ಬರುತ್ತದೆ.

ಆಮೇಲೆ ಡಾಕ್ಟರಿಗೆ ತಾವು ಅಧ್ಯಕ್ಷರು ಎಂಬುದು ನೆನಪಾಯಿತು. ಕಾಗದಗಳನ್ನು ಜೇಬಿಗೆ ಹಾಕಿಕೊಂಡು ಗಂಟಲು ಸರಿಮಾಡಿಕೊಂಡರು. "ಇದೆಲ್ಲ ಚೆನ್ನಾಗೇ ಇದೆ. ಆದ್ರೆ ಅಂಕ ಅಂಕವೇ. ಈಗ ಹೇಳಿ ಮಿಸ್, ಸೋತಿದೆಯಾ ಇಲ್ವಾ?"

"ನನಗೆ ಗೊತ್ತಿಲ್ಲ," ಅಂದೆ. ಈ ಕಟ್ಟಡದಲ್ಲಿ ನಾನು ಇದುವರೆಗೆ ಆಡದ ಮಾತು ಅದು. "ಇನ್ನೊಂದು ವರ್ಷ ಕೊಡಿ ಡಾಕ್ಟ್ರೇ. ನೋಡೋಣ."

"ನನಗೆ ಗೊತ್ತು ಸಾರ್, ಸೋತಿದೆ," ಅಂದರು ಸೂತ್ರದ ಮೇಷ್ಟ್ರು.

ಸದಸ್ಯರು ತಲೆಗೆ ತಲೆ ಸೇರಿಸಿ ಮಾತಾಡಿಕೊಂಡರು. ತೀರ್ಮಾನ ಎರಡು. 'ಬಿ'ಗೆ ಇನ್ನೊಂದು ವರ್ಷ. ವಿಭಾಗದ ಮುಖ್ಯಸ್ಥರಿಗೆ ಮಾತ್ರ ಖಚಿತ ಅಭಿಪ್ರಾಯ ಇರಬೇಕಾದ್ದರಿಂದ ಆ ಜಾಗ ಮೇಷ್ಟ್ರಿಗೆ. ಆರ್ಡರಿನಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು ಅವರ ಹೆಸರು ಬರೆದರು. ಹೊಸದಾಗಿ ಟೈಪ್ ಮಾಡಿಸುವ ತಾಳ್ಮೆಯೂ ಇರಲಿಲ್ಲ.

ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹನ್ನೆರಡು ವರ್ಷ ಎಂದರೆ ಸುಮ್ಮನೆ ಅಲ್ಲ. ಇವರು ಬಾಗಿಲ ಹೊರಗೆ ನಿಂತಿದ್ದರು. ಕಾಫಿ ಇಟ್ಟು ಹೋದರು.

ಸೆಪ್ಟೆಂಬರ್ ೧೬, ಸೋಮವಾರ

ಹೊಸ ಮುಖ್ಯಸ್ಥರು ಎಲ್ಲ ಶಿಕ್ಷಕರಿಗೂ ಒಂದು ಹಾಡಿನ ಪಟ್ಟಿ ಹಂಚಿದ್ದಾರೆ. ನನಗೆ ವಿನಾಯಿತಿಯಂತೆ. ದೊಡ್ಡ ಮನಸ್ಸು.

ಇವತ್ತು ವೃತ್ತ. ಬೋರ್ಡಿನ ಮೇಲೆ ಒಂದು ದೊಡ್ಡ ವೃತ್ತ ಬರೆದು, ಇದರ ಒಳಗೆ ಎಷ್ಟು ಜಾಗ ಇದೆ ಎಂದು ಕೇಳಿ ಕೂತೆ. ಇದರಲ್ಲಿ ಮೂಲೆ ಇಲ್ಲ, ಓರೆ ಇಲ್ಲ, ಹಿಡಿದುಕೊಳ್ಳಲು ಒಂದು ಬದಿಯೂ ಇಲ್ಲ. ಲೀಡರ್ ಕೈ ಚೆಲ್ಲಿದ. ಕಿಟಕಿ ಸದ್ಯಕ್ಕೆ ಕಿಟಕಿಯ ಹೊರಗಿದ್ದಳು. ರ‍್ಯಾಂಕ್ ಕಾಗದದ ವೃತ್ತವನ್ನು ನಾಲ್ಕಾಗಿ, ಎಂಟಾಗಿ ಮಡಿಸುತ್ತಾ ಕೇಳಿದಳು, "ಮಿಸ್, ಇದು ನಿಮಗೆ ಗೊತ್ತಾ?"

"ಸೂತ್ರ ಗೊತ್ತು," ಅಂದೆ. "ಅದು ಹೇಗೆ ಬಂತು ಅನ್ನೋದು ಗೊತ್ತಿಲ್ಲ."

ತರಗತಿ ತಿರುಗಿ ನನ್ನನ್ನು ನೋಡಿತು. ನಗುತ್ತಾರೆ ಅಂದುಕೊಂಡೆ. ಯಾರೂ ನಗಲಿಲ್ಲ. ರ‍್ಯಾಂಕ್ ಚೀಲ ಎತ್ತಿ ಕೆಳಗಿಟ್ಟಳು, ಬೆಂಚಿನ ಮೇಲೆ ಗೋಡೆಯ ಕಡೆ ಒತ್ತರಿಸಿಕೊಂಡಳು, ತನ್ನ ಪಕ್ಕದಲ್ಲಿ ನನಗೆ ಜಾಗ ಮಾಡಿ ಒಂದು ಕಾಗದ ಕೊಟ್ಟಳು.

ಹೋಗಿ ಕೂತೆ. ಬೆಂಚು ಬಹಳ ಗಿಡ್ಡ, ಮಂಡಿ ಇನ್ನೂ ನೋಯುತ್ತಿದೆ.